ಹೆಸರು ದಾಖಲಾಗದ ಮೇರಿ ಆನಿಂಗ್

ನಮ್ಮ ಮನೆಯ ದೇವರ ಸಂಪುಟದಲ್ಲಿ ಅಜ್ಜನ ಕಾಲದಿಂದ ಬಂದ ನಾಲ್ಕು ಸಾಲಿಗ್ರಾಮಗಳಿವೆ. ಸಾಲಿಗ್ರಾಮಕ್ಕೆ ಬೆಲೆ ಕಟ್ಟಬಾರದು, ಅದನ್ನು ಮಾರುವವನಿಗೂ ಕೊಳ್ಳುವವನಿಗೂ ಒಳ್ಳೆಯದಾಗುವುದಿಲ್ಲ ಎಂದು ಬಾಲ್ಯದಲ್ಲಿ ಹಿರಿಯರಿಂದ ಕೇಳಿದ್ದೆ. ಮುಂದೆ ಅರ್ಥಶಾಸ್ತ್ರ ಓದಿದೆ. ವಸ್ತುವೊಂದಕ್ಕೆ ಬೆಲೆ ಹೇಗೆ ನಿಗದಿಯಾಗುತ್ತದೆಂದು ಪರೀಕ್ಷೆಗಳಲ್ಲಿ ಪುಟಗಟ್ಟಲೆ ಬರೆದೆ. ಆದರೆ ಆ ಕಪ್ಪು ಕಲ್ಲಿನೊಳಗಿನ ಚಕ್ರವೆಂಬುದು ಅಮ್ಮೊನೈಟ್ ಎಂಬ ಕಡಲಜೀವಿಯ ಚಿಪ್ಪಿನ ಪಳೆಯುಳಿಕೆ, ಹಿಮಾಲಯವಿರುವ ಜಾಗದಲ್ಲಿ ಹಿಂದೆ ಸಮುದ್ರವಿತ್ತು ಎಂಬುದಕ್ಕೆ ಗಂಡಕಿ ನದಿ ಹೊತ್ತು ತರುವ ಸಾಕ್ಷಿ ಎಂಬುದು ಬಹಳ ತಡವಾಗಿ ತಿಳಿಯಿತು. ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಒಂದು ಪುಟ್ಟ ಊರಿನಲ್ಲಿ ಇಂಥವೇ ಚಕ್ರಶಿಲೆಗಳನ್ನು ಹಾವಿನ ಕಲ್ಲುಗಳೆಂದು ಕರೆದು, ಸಮುದ್ರಸ್ನಾನಕ್ಕೆ ಬರುವ ಶ್ರೀಮಂತರಿಗೆ ಬಿಡಿಕಾಸಿಗೆ ಮಾರಿ ಹೊಟ್ಟೆ ಹೊರೆದ ಒಂದು ಕುಟುಂಬವಿತ್ತು. ಆ ಕುಟುಂಬದ ಹೆಣ್ಣುಮಗಳು ಮೇರಿ ಆನಿಂಗ್. ನಿವೃತ್ತಿಯ ನಂತರದ ನನ್ನ ಓದಿನಲ್ಲಿ ಈಕೆಯಷ್ಟು ನನ್ನನ್ನು ಕಾಡಿದವರು ಕಡಿಮೆ. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ.

ಊರಿನ ಹೆಸರು ಲೈಮ್ ರೀಜಿಸ್, ಡಾರ್ಸೆಟ್ ಪ್ರಾಂತ್ಯದಲ್ಲಿದೆ. ಸುಣ್ಣಕಲ್ಲು ಮತ್ತು ಜೇಡಿಶಿಲೆಗಳು ಒಂದರ ಮೇಲೊಂದು ಪದರಗಟ್ಟಿದ ಕಡಿದಾದ ಗುಡ್ಡಗಳು ಅಲ್ಲಿ ನೇರವಾಗಿ ಕಡಲಿಗಿಳಿಯುತ್ತವೆ. ಸುಮಾರು 20 ಕೋಟಿ ವರ್ಷಗಳ ಹಿಂದೆ ಅವು ಸಮುದ್ರದ ತಳದ ಕೆಸರಾಗಿದ್ದವು. ಚಳಿಗಾಲದ ಬಿರುಗಾಳಿಗೆ ಗುಡ್ಡ ಕುಸಿದಾಗಲೆಲ್ಲ ಹೊಸ ಪಳೆಯುಳಿಕೆಗಳು ಹೊರಬೀಳುತ್ತವೆ. ಕೂಡಲೇ ಎತ್ತಿಕೊಳ್ಳದಿದ್ದರೆ ಮುಂದಿನ ಅಲೆಗಳು ಅವನ್ನು ಒಯ್ಯುತ್ತವೆ. ಆದ್ದರಿಂದ ಅಲ್ಲಿ ಹುಡುಕಾಟದ ಸುಗ್ಗಿ ಎಂದರೆ ಅತ್ಯಂತ ಅಪಾಯಕಾರಿ ಕಾಲವೇ. ಆ ಕರಾವಳಿ 2001ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಮೇರಿ ಹುಟ್ಟಿದ್ದು 1799ರ ಮೇ 21ರಂದು. ತಂದೆ ರಿಚರ್ಡ್ ಬಡಗಿ. ಕಾದಂಬರಿಕಾರ್ತಿ ಜೇನ್ ಆಸ್ಟೆನ್ 1804ರಲ್ಲಿ ಅಲ್ಲಿ ತಂಗಿದ್ದಾಗ ಪೆಟ್ಟಿಗೆಯ ಮುರಿದ ಮುಚ್ಚಳವೊಂದರ ಲೆಕ್ಕಾಚಾರಕ್ಕೆ ಈತನನ್ನು ಕರೆಸಿ, ಆತ ಹೇಳಿದ ಮೊತ್ತ ಅತಿಯಾಯಿತೆಂದು ಗೊಣಗಿದ್ದರಂತೆ. ತಾಯಿಯ ಹೆಸರೂ ಮೇರಿಯೇ, ಕರೆಯುತ್ತಿದ್ದುದು ಮಾಲಿ ಎಂದು. ಹುಟ್ಟಿದ ಅನೇಕ ಮಕ್ಕಳಲ್ಲಿ ದೊಡ್ಡವರಾಗಿ ಬದುಕಿ ಉಳಿದದ್ದು ಜೋಸೆಫ್ ಮತ್ತು ಮೇರಿ ಇಬ್ಬರೇ. ಈಕೆಗಿಂತ ಮುಂಚೆ ಇದೇ ಹೆಸರಿನ ಅಕ್ಕನೊಬ್ಬಳಿದ್ದು, ಬಟ್ಟೆಗೆ ಬೆಂಕಿ ತಗುಲಿ ನಾಲ್ಕನೆಯ ವಯಸ್ಸಿಗೆ ಸತ್ತಿದ್ದಳು. ಅವಳ ಹೆಸರನ್ನೇ ಐದು ತಿಂಗಳ ಬಳಿಕ ಹುಟ್ಟಿದ ಮಗುವಿಗೆ ಇಟ್ಟರು. ಆ ಮಗುವಿಗೆ ಹದಿನೈದು ತಿಂಗಳಾಗಿದ್ದಾಗ, 1800ರ ಆಗಸ್ಟ್ 19ರಂದು, ಊರಿನ ಬಯಲಿನಲ್ಲಿ ಕುದುರೆ ಸವಾರಿಯ ಪ್ರದರ್ಶನ ನಡೆಯುತ್ತಿತ್ತು. ಮಳೆ ಬಂತೆಂದು ಮಗುವನ್ನೆತ್ತಿಕೊಂಡಿದ್ದ ನೆರೆಮನೆಯಾಕೆ ಇನ್ನಿಬ್ಬರು ಹೆಂಗಸರೊಡನೆ ಎಲ್ಮ್ ಮರದ ಕೆಳಗೆ ನಿಂತಳು. ಸಿಡಿಲು ಬಡಿದು ಮೂವರು ಹೆಂಗಸರೂ ಸತ್ತರು, ಮಗು ಬದುಕಿತು. ಅದುವರೆಗೆ ಸೊರಗಿಕೊಂಡಿದ್ದ ಕೂಸು ಆಮೇಲೆ ಚುರುಕಾಯಿತೆಂದು ಊರಿನವರು ಹೇಳಿಕೊಳ್ಳುತ್ತಿದ್ದರು.

ರಿಚರ್ಡ್ ಬಿಡುವಿನಲ್ಲಿ ಮಕ್ಕಳನ್ನು ಕರೆದುಕೊಂಡು ಗುಡ್ಡದ ಬುಡದಲ್ಲಿ ಪಳೆಯುಳಿಕೆ ಆಯುತ್ತಿದ್ದ. ಹಾಗೆ ಅಲೆಯುವಾಗ ಬಿದ್ದ ಪೆಟ್ಟು ಮತ್ತು ಕ್ಷಯ ಸೇರಿ, 1810ರಲ್ಲಿ ನಲವತ್ತನಾಲ್ಕನೆಯ ವಯಸ್ಸಿಗೆ ತೀರಿಕೊಂಡ. ಮನೆಯವರಿಗೆ ಬಿಟ್ಟುಹೋದದ್ದು 120 ಪೌಂಡಿನ ಸಾಲ. ಬಡವರಿಗೆಂದು ಸ್ಥಳೀಯ ಚರ್ಚಿನ ಆಡಳಿತ ಕೊಡುತ್ತಿದ್ದ ಪರಿಹಾರಕ್ಕೆ ತಾಯಿ ಮಕ್ಕಳು ಕೈಯೊಡ್ಡಬೇಕಾಯಿತು. ಜೋಸೆಫ್ ಪೀಠೋಪಕರಣಗಳಿಗೆ ಬಟ್ಟೆ ಹೊದಿಸುವ ಕೆಲಸ ಕಲಿಯಲು ಸೇರಿದ. ಕಡಲದಂಡೆಯ ಹುಡುಕಾಟ ಮೇರಿಯ ಪಾಲಿಗೆ ಬಂತು. ಆಗ ಆಕೆಗೆ ಹನ್ನೊಂದು. ಶಾಲೆ ಎಂದರೆ ಭಾನುವಾರದ ಚರ್ಚ್ ಶಾಲೆ ಅಷ್ಟೆ. ಓದು ಬರಹ ಕಲಿತದ್ದು ಅಲ್ಲಿ.

1811ರಲ್ಲಿ ಜೋಸೆಫ್‌ನ ಕಣ್ಣಿಗೆ ನಾಲ್ಕು ಅಡಿ ಉದ್ದದ ತಲೆಬುರುಡೆಯೊಂದು ಬಿತ್ತು. ಉದ್ದನೆಯ ಮೂತಿ, ಸಾಲುಗಟ್ಟಿದ ಹಲ್ಲು, ತಟ್ಟೆಯಗಲದ ಕಣ್ಣಿನ ಗೂಡು. ಮೊಸಳೆಯೆಂದು ಎಲ್ಲರೂ ಭಾವಿಸಿದರು. ಮರುವರ್ಷ ಮೇರಿ ಅದರ ಮುಂಡವನ್ನೂ ಪತ್ತೆಹಚ್ಚಿದಳು. ಕೂಲಿಯವರನ್ನಿಟ್ಟು ಅಗೆಸಿ ತೆಗೆದಾಗ ಸಿಕ್ಕಿದ್ದು ಸುಮಾರು 17 ಅಡಿಯ ಪ್ರಾಣಿ. ನಾವಿಂದು ಇಕ್ತಿಯೊಸಾರ್ ಎನ್ನುವ, ಮೀನಿನಂಥ ಮೈಯುಳ್ಳ ಕಡಲ ಸರೀಸೃಪ. ಇವುಗಳ ಪೂರ್ವಜರು ನೆಲದ ಮೇಲೆ ಓಡಾಡಿಕೊಂಡಿದ್ದ ಸರೀಸೃಪಗಳು. ಸುಮಾರು 25 ಕೋಟಿ ವರ್ಷಗಳ ಹಿಂದೆ ನೀರಿಗಿಳಿದು, ಕಾಲುಗಳು ಹುಟ್ಟಿನಂತಾಗಿ, ಬಾಲಕ್ಕೆ ಈಜುರೆಕ್ಕೆ ಬಂದು, ಕೊನೆಗೆ ಇಂದಿನ ಡಾಲ್ಫಿನ್ನನ್ನು ಹೋಲುವ ಆಕಾರ ತಾಳಿದವು. ಡಾಲ್ಫಿನ್‌ಗೂ ಇದಕ್ಕೂ ನೆಂಟಸ್ತಿಕೆಯೇನೂ ಇಲ್ಲ. ನೀರನ್ನು ಸೀಳಿಕೊಂಡು ವೇಗವಾಗಿ ಹೋಗಬೇಕಾದವರಿಗೆ ಪ್ರಕೃತಿಯಲ್ಲಿ ಹೆಚ್ಚು ಆಯ್ಕೆಗಳಿಲ್ಲ, ಅಷ್ಟೆ. ಮೊಟ್ಟೆಯಿಡಲು ದಡಕ್ಕೆ ಬರಲಾರದ ಈ ಪ್ರಾಣಿಗಳು ನೀರಿನಲ್ಲಿಯೇ ಮರಿ ಹಾಕುತ್ತಿದ್ದವು ಎಂಬುದಕ್ಕೆ, ಬಸಿರಿನಲ್ಲಿ ಮರಿಗಳನ್ನು ಹೊತ್ತಂತೆಯೇ ಕಲ್ಲಾದ ತಾಯಿಗಳೇ ಪುರಾವೆ. ಡೈನೊಸಾರ್‌ಗಳು ಅಳಿಯುವುದಕ್ಕಿಂತ ಎರಡು ಕೋಟಿಗೂ ಹೆಚ್ಚು ವರ್ಷ ಮೊದಲೇ ಇವುಗಳ ವಂಶ ನಿಂತುಹೋಯಿತು. ನಮ್ಮ ದೇಶದಲ್ಲಿಯೂ ಇವು ಈಜಿದ್ದುಂಟು: ಗುಜರಾತಿನ ಕಛ್‌ನಲ್ಲಿ ಸಿಕ್ಕಿದ ಐದೂವರೆ ಮೀಟರ್ ಉದ್ದದ ಇಕ್ತಿಯೊಸಾರ್ ಅಸ್ಥಿಪಂಜರದ ವಿವರ 2017ರಲ್ಲಿ ಪ್ರಕಟವಾಯಿತು.

ಲೈಮ್‌ನ ಆ ಪ್ರಾಣಿಯ ಎಲುಬುಗಳು ಇದಕ್ಕೆ ಮುಂಚೆ ಯಾರಿಗೂ ಸಿಕ್ಕಿರಲಿಲ್ಲವೆಂದಲ್ಲ, ಚೂರುಪಾರು ಸಿಕ್ಕಿದ್ದವು. ಲಂಡನ್ನಿನ ಪಂಡಿತರ ಗಮನ ಸೆಳೆದ ಮೊದಲನೆಯದು ಇದು. ಸ್ಥಳೀಯ ಜಮೀನುದಾರ ಹೆನ್ಲಿ ಇದನ್ನು 23 ಪೌಂಡಿಗೆ ಕೊಂಡ. ಅಲ್ಲಿಂದ ಅದು ಲಂಡನ್ನಿನಲ್ಲಿ ವಿಲಿಯಂ ಬುಲಕ್ ಎಂಬಾತನ ಖಾಸಗಿ ವಸ್ತುಸಂಗ್ರಹಾಲಯ ಸೇರಿ ಜನರ ನೋಟಕ್ಕೆ ಒದಗಿತು. 1819ರಲ್ಲಿ ಬ್ರಿಟಿಷ್ ಮ್ಯೂಸಿಯಂ ಅದನ್ನು 45 ಪೌಂಡ್ 5 ಷಿಲಿಂಗಿಗೆ ಹರಾಜಿನಲ್ಲಿ ಕೊಂಡಿತು. ಏಳೆಂಟು ವರ್ಷಗಳಲ್ಲಿ ಬೆಲೆ ಹೆಚ್ಚುಕಡಮೆ ದುಪ್ಪಟ್ಟಾಯಿತು. ಬೆಳೆದವನಿಗೆ ಸಿಕ್ಕಿದ್ದೆಷ್ಟು, ಮಂಡಿಯವನಿಗೆ ಸಿಕ್ಕಿದ್ದೆಷ್ಟು ಎಂಬ ಲೆಕ್ಕ ಹಾಕುವುದು ನನ್ನಂಥವರಿಗೆ ಅಭ್ಯಾಸ. ಆದರೆ ಮೇರಿಯ ವಿಷಯದಲ್ಲಿ ನಷ್ಟವಾದದ್ದು ಈ ವ್ಯತ್ಯಾಸದ ಹಣವಲ್ಲ.

ಸರ್ ಎವರಾರ್ಡ್ ಹೋಮ್ ಎಂಬ ಪ್ರಸಿದ್ಧ ಶಸ್ತ್ರವೈದ್ಯ ಈ ಪ್ರಾಣಿಯನ್ನು ಕುರಿತು 1814ರಿಂದ ರಾಯಲ್ ಸೊಸೈಟಿಗೆ ಸಾಲಾಗಿ ಪ್ರಬಂಧಗಳನ್ನು ಬರೆದ. ಮೊದಲು ಅದು ಮೀನಿಗೆ ಹತ್ತಿರವೆಂದ. ಬಳಿಕ ಆಸ್ಟ್ರೇಲಿಯಾದ ಪ್ಲಾಟಿಪಸ್ ಪ್ರಾಣಿಯ ಸಂಬಂಧ ಕಾಣಿಸಿತು. ಕೊನೆಗೆ ಸಾಲಮ್ಯಾಂಡರ್‌ಗೂ ಹಲ್ಲಿಗೂ ನಡುವಿನದೆಂದು ತೀರ್ಮಾನಿಸಿ ತನ್ನದೇ ಒಂದು ಹೆಸರಿಟ್ಟ. ಅಷ್ಟರಲ್ಲಿ ಬ್ರಿಟಿಷ್ ಮ್ಯೂಸಿಯಂನ ಚಾರ್ಲ್ಸ್ ಕೋನಿಗ್ ಸೂಚಿಸಿದ್ದ ಇಕ್ತಿಯೊಸಾರಸ್ ಎಂಬ ಹೆಸರೇ ನಿಂತಿತು. ತಪ್ಪುವುದು ವಿಜ್ಞಾನದಲ್ಲಿ ಸಹಜ. ಅದಕ್ಕಾಗಿ ಹೋಮ್‌ನನ್ನು ಹಳಿಯಲಾರೆ. ಆದರೆ ಅಷ್ಟು ಪ್ರಬಂಧಗಳಲ್ಲಿ ಒಂದರಲ್ಲಿಯೂ ಈ ಎಲುಬುಗಳನ್ನು ಬಂಡೆಯಿಂದ ತೆಗೆದವರು ಯಾರು ಎಂಬ ಮಾತಿಲ್ಲ. ಕಲ್ಲನ್ನು ಬಿಡಿಸಿ ಎಲುಬನ್ನು ಶುಚಿಗೊಳಿಸಿದ ಸೂಕ್ಷ್ಮ ಕೆಲಸವನ್ನು ಬುಲಕ್‌ನ ಸಂಗ್ರಹಾಲಯದವರ ಲೆಕ್ಕಕ್ಕೆ ಬರೆದದ್ದೂ ಉಂಟು.

ಇಲ್ಲಿ ನನ್ನ ಮಾತೊಂದನ್ನು ಹೇಳಬೇಕು. ಎಂಬತ್ತರ ದಶಕದ ಒಂದು ಬರಗಾಲದ ವರ್ಷದಲ್ಲಿ, ಸೇವೆಗೆ ಸೇರಿದ ಹೊಸತರಲ್ಲಿ, ಅಂತರ್ಜಲದ ಸ್ಥಿತಿ ಕುರಿತು ವರದಿ ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಂತು. ಇಲಾಖೆಯ ಅಂಕಿಅಂಶಗಳು ಯಾವುದಕ್ಕೂ ಸಾಲುತ್ತಿರಲಿಲ್ಲ. ಒಂದು ಹೋಬಳಿಯಲ್ಲಿ ಗ್ರಾಮಲೆಕ್ಕಿಗರೊಬ್ಬರು, ಯಾರೂ ಕೇಳದಿದ್ದರೂ, ತಮ್ಮ ವೃತ್ತದ ಬಾವಿಗಳಿಗೆ ಗಂಟು ಹಾಕಿದ ಹಗ್ಗವನ್ನು ಇಳಿಬಿಟ್ಟು ಮಳೆಗಾಲದ ಮುಂಚೆ ಮತ್ತು ನಂತರ ನೀರಿನ ಮಟ್ಟವನ್ನು ಹದಿನಾರು ವರ್ಷ ಬರೆದಿಟ್ಟುಕೊಂಡಿದ್ದರು. ಆ ನೋಟ್‌ಬುಕ್ಕುಗಳನ್ನು ನನ್ನ ಮುಂದಿಟ್ಟದ್ದಲ್ಲದೆ, ಯಾವ ಬಾವಿ ಏಕೆ ಬತ್ತಿತೆಂಬುದನ್ನು ಎರಡು ದಿನ ನನ್ನೊಡನೆ ನಡೆದು ತೋರಿಸಿದರು. ನನ್ನ ವರದಿಯ ಜೀವಾಳವೇ ಅದು. ಮೇಲಿನವರು ಮೆಚ್ಚಿದರು, ಆ ಮೆಚ್ಚುಗೆ ನನ್ನ ಸೇವಾಪುಸ್ತಕದಲ್ಲಿದೆ. ಕೋಷ್ಟಕಗಳ ಕೆಳಗೆ ನಾನು ಬರೆದದ್ದು ಕ್ಷೇತ್ರ ವಿಚಾರಣೆಯಿಂದ ಎಂಬ ಎರಡು ಪದ. ಹೆಸರು ಬರೆಯಬಾರದೆಂದು ಯಾರೂ ತಡೆದಿರಲಿಲ್ಲ. ಬರೆಯುವ ರೂಢಿಯಿರಲಿಲ್ಲ, ನನಗೆ ಹೊಳೆಯಲೂ ಇಲ್ಲ. ವರ್ಗವಾಗಿ ಹೊರಟಾಗ ಅವರು ಎಲ್ಲರಂತೆ ನಿಂಬೆಹಣ್ಣು ಹಿಡಿದು ಬಂದು ನಮಸ್ಕರಿಸಿ ಹೋದರು. ವರದಿಯ ಪ್ರತಿ ಅಷ್ಟು ಹೊತ್ತಿಗೆ ತಾಲ್ಲೂಕು ಕಚೇರಿಗೆ ತಲುಪಿತ್ತು. ಅವರ ದುಂಡು ಅಕ್ಷರ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಹೆಸರು ನೆನಪಿಗೆ ಬರುತ್ತಿಲ್ಲ.

ಹೀಗಾಗಿ ಹೋಮ್‌ನನ್ನು ದೂರುವ ಅಧಿಕಾರ ನನಗಿಲ್ಲ. ಮೇರಿಯ ಕಥೆಗೆ ಮರಳುತ್ತೇನೆ.

ಮುಂದಿನ ವರ್ಷಗಳು ಸುಖದವೇನಲ್ಲ. ದೊಡ್ಡ ಪಳೆಯುಳಿಕೆ ಸಿಕ್ಕಿದರೆ ಊಟ, ಇಲ್ಲವಾದರೆ ಸಾಲ. ವ್ಯಾಪಾರದ ಪತ್ರವ್ಯವಹಾರವನ್ನು ಮೊದಮೊದಲು ತಾಯಿಯೇ ನೋಡಿಕೊಳ್ಳುತ್ತಿದ್ದಳು. ಕೊಟ್ಟ ಮಾಲಿಗೆ ಹಣ ಕಳುಹಿಸಿರೆಂದು ಆಕೆ 1821ರಲ್ಲಿ ಬ್ರಿಟಿಷ್ ಮ್ಯೂಸಿಯಂಗೆ ಬರೆದು ಕೇಳಬೇಕಾಗಿ ಬಂದದ್ದನ್ನು ಓದಿದಾಗ, ಸರ್ಕಾರಿ ಬಿಲ್ಲುಗಳ ನಿಧಾನಗತಿಗೆ ದೇಶಕಾಲಗಳ ಭೇದವಿಲ್ಲವೆನ್ನಿಸಿತು. ಅದಕ್ಕೆ ಹಿಂದಿನ ವರ್ಷ ಒಬ್ಬ ಸಜ್ಜನ ನೆರವಿಗೆ ಬಂದಿದ್ದ. ಥಾಮಸ್ ಬರ್ಚ್ ಎಂಬ ಸೇನಾಧಿಕಾರಿ ಇವರ ಕಾಯಂ ಗಿರಾಕಿ. ಬಾಡಿಗೆ ಕಟ್ಟಲು ಈ ಕುಟುಂಬ ಮನೆಯ ಪೀಠೋಪಕರಣಗಳನ್ನೇ ಮಾರಲು ಹೊರಟಿದ್ದನ್ನು ಕಂಡು, ತಾನು ಕೂಡಿಟ್ಟ ಪಳೆಯುಳಿಕೆಗಳನ್ನೆಲ್ಲ 1820ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಹರಾಜಿಗಿಟ್ಟ. ಬಂದದ್ದು ಸುಮಾರು 400 ಪೌಂಡ್. ತನ್ನ ಸಂಗ್ರಹದ ಉತ್ತಮ ವಸ್ತುಗಳೆಲ್ಲ ಇವರೇ ಹುಡುಕಿಕೊಟ್ಟವೆಂದು ಮುಚ್ಚುಮರೆಯಿಲ್ಲದೆ ಹೇಳಿದವನು ಆತ. ಪಂಡಿತನಲ್ಲದ್ದರಿಂದ ಅದು ಸಾಧ್ಯವಾಯಿತೋ ಏನೋ.

ಮೇರಿ ಬರಿಯ ಆಯುವವಳಾಗಿ ಉಳಿಯಲಿಲ್ಲ. ಇತರರಿಂದ ಕೇಳಿ ಪಡೆದ ವಿಜ್ಞಾನ ಪ್ರಬಂಧಗಳನ್ನು ಚಿತ್ರಗಳ ಸಮೇತ ಕೈಯಲ್ಲಿ ನಕಲು ಮಾಡಿಕೊಂಡಳು. ಕಲ್ಲಿನಲ್ಲಿ ಕಂಡದ್ದನ್ನು ಅರ್ಥಮಾಡಿಕೊಳ್ಳಲು ಇಂದಿನ ಮೀನುಗಳನ್ನು ಕೊಯ್ದು ನೋಡಿದಳು. ಇಕ್ತಿಯೊಸಾರ್‌ಗಳ ಹೊಟ್ಟೆಯ ಭಾಗದಲ್ಲಿ ಸಿಗುತ್ತಿದ್ದ ವಿಚಿತ್ರ ಗುಂಡುಕಲ್ಲುಗಳನ್ನು ಒಡೆದು, ಒಳಗೆ ಮೀನಿನ ಎಲುಬು ಮತ್ತು ಪೊರೆಗಳಿರುವುದನ್ನು ಗುರುತಿಸಿದಳು. ಅವು ಕಲ್ಲಾದ ಮಲವೆಂದು ಆಕ್ಸ್‌ಫರ್ಡಿನ ವಿಲಿಯಂ ಬಕ್‌ಲ್ಯಾಂಡ್ 1829ರಲ್ಲಿ ಸಾರಿದ್ದಕ್ಕೆ ಈ ಗಮನಿಕೆ ತಳಹದಿ. ಸತ್ತು ಇಪ್ಪತ್ತು ಕೋಟಿ ವರ್ಷವಾದ ಪ್ರಾಣಿ ಏನು ತಿಂದಿತ್ತೆಂದು ತಿಳಿಯುವ ದಾರಿ ಹಾಗೆ ತೆರೆಯಿತು.

1823ರ ಡಿಸೆಂಬರಿನಲ್ಲಿ ಆಕೆಯ ಬದುಕಿನ ಅತಿದೊಡ್ಡ ಶೋಧ ಕೈಗೂಡಿತು. ಒಂಬತ್ತು ಅಡಿ ಉದ್ದ, ಆಮೆಯಂಥ ಅಗಲ ಮೈ, ನಾಲ್ಕು ಹುಟ್ಟುಗಳು, ಚಿಕ್ಕ ತಲೆ. ಇವೆರಡರ ನಡುವೆ ನಂಬಲಾಗದಷ್ಟು ಉದ್ದನೆಯ ಕುತ್ತಿಗೆ. ಬಿಡಿ ಎಲುಬುಗಳಿಂದ ಇಂಥದೊಂದು ಪ್ರಾಣಿಯನ್ನು ಊಹಿಸಿ ಪ್ಲೀಸಿಯೊಸಾರಸ್ ಎಂದು 1821ರಲ್ಲಿಯೇ ಹೆಸರಿಸಿದ್ದರು. ಇಡಿಯಾಗಿ ಸಿಕ್ಕಿದ್ದು ಇದೇ ಮೊದಲು. ಆದರೆ ಅದರ ಚಿತ್ರ ಪ್ಯಾರಿಸ್ಸಿಗೆ ತಲುಪಿದಾಗ, ಎಲುಬುಗಳ ವಿದ್ಯೆಯಲ್ಲಿ ಯೂರೋಪಿಗೇ ಗುರುವಾಗಿದ್ದ ಜಾರ್ಜ್ ಕ್ಯುವಿಯೆ ಸಂದೇಹ ವ್ಯಕ್ತಪಡಿಸಿದ. ಕುತ್ತಿಗೆಯಲ್ಲಿ ಮೂವತ್ತಕ್ಕೂ ಹೆಚ್ಚು ಮಣಿಗಳಿರುವ ಸರೀಸೃಪ ಇರಲಾರದು. ಬೇರೆ ಬೇರೆ ಪ್ರಾಣಿಗಳ ಎಲುಬುಗಳನ್ನು ಜೋಡಿಸಿರಬೇಕು ಎಂಬುದು ಆತನ ಅನುಮಾನ.

ಪಳೆಯುಳಿಕೆಯ ಪೇಟೆಯಲ್ಲಿ ಮಾರುವವರಿಗೆ ಗೊತ್ತಿರುವುದು ಕೊಳ್ಳುವವರಿಗೆ ಗೊತ್ತಿರುವುದಿಲ್ಲ. ವ್ಯಾಪಾರ ನಿಂತಿರುವುದು ನಂಬಿಕೆಯ ಮೇಲೆ ಮಾತ್ರ. ಆ ಕಾಲದಲ್ಲಿ ಮೋಸವೂ ಇತ್ತು. ಥಾಮಸ್ ಹಾಕಿನ್ಸ್ ಎಂಬ ಸಂಗ್ರಾಹಕ ಬ್ರಿಟಿಷ್ ಮ್ಯೂಸಿಯಂಗೆ ಮಾರಿದ ಇಕ್ತಿಯೊಸಾರ್‌ನ ಕೆಲವು ಭಾಗಗಳು ಪ್ಲಾಸ್ಟರಿನವೆಂದು ಮುಂದೆ ಬಯಲಾಗಿ ದೊಡ್ಡ ರಗಳೆಯಾಯಿತು. ಹಾಕಿನ್ಸ್ ಹಣವಂತ, ದಕ್ಕಿಸಿಕೊಂಡ. ಇಪ್ಪತ್ತನಾಲ್ಕು ವರ್ಷದ ಬಡ ಅವಿವಾಹಿತೆಗೆ ಹಾಗಿರಲಿಲ್ಲ. ಕ್ಯುವಿಯೆಯ ಅನುಮಾನ ಸರಿಯೆಂದಾಗಿದ್ದರೆ ಅಂದಿಗೇ ಆಕೆಯ ಅಂಗಡಿ ಮುಚ್ಚುತ್ತಿತ್ತು. ಲಂಡನ್ನಿನ ಜಿಯಾಲಾಜಿಕಲ್ ಸೊಸೈಟಿಯಲ್ಲಿ ಇದರ ಚರ್ಚೆ ನಡೆಯಿತು. ಸ್ತ್ರೀಯರಿಗೆ ಅಲ್ಲಿ ಪ್ರವೇಶವಿರಲಿಲ್ಲವಾದ್ದರಿಂದ ಆಕೆಯ ಪ್ರಾಮಾಣಿಕತೆಯ ವಿಚಾರಣೆ ಆಕೆಯಿಲ್ಲದೆಯೇ ಮುಗಿಯಿತು. ಎಲುಬುಗಳು ಒಂದೇ ಪ್ರಾಣಿಯವೆಂದು ಸ್ಥಿರಪಟ್ಟಿತು. ಕ್ಯುವಿಯೆ ತನ್ನ ತಪ್ಪನ್ನು ಒಪ್ಪಿಕೊಂಡ. 1824ರ ಫೆಬ್ರವರಿ 20ರಂದು ವಿಲಿಯಂ ಕಾನಿಬೇರ್ ಅದೇ ಸೊಸೈಟಿಯಲ್ಲಿ ಪ್ಲೀಸಿಯೊಸಾರಸ್ ಕುರಿತು ಪ್ರಬಂಧ ಮಂಡಿಸಿ ಕೀರ್ತಿ ಪಡೆದ. ಅಲ್ಲಿಯೂ ಮೇರಿಯ ಹೆಸರು ಬರಲಿಲ್ಲ. ಮೋಸದ ಶಂಕೆ ಬಂದಾಗ ತೆಗೆದವರು ಯಾರೆಂಬ ಪ್ರಶ್ನೆ ಎದ್ದಿತು. ಶಂಕೆ ಕಳೆದೊಡನೆ ಆ ಪ್ರಶ್ನೆಯೂ ಮರೆಯಾಯಿತು. ಕಚೇರಿಗಳಲ್ಲಿ ಕೆಳಗಿನ ನೌಕರನ ಹೆಸರು ಕಡತದಲ್ಲಿ ಕಾಣಿಸುವುದು ಆತನಿಂದ ವಿವರಣೆ ಕೇಳುವಾಗ ಮಾತ್ರ ಎಂಬುದನ್ನು ಬಲ್ಲವರಿಗೆ ಇದು ಹೊಸದಲ್ಲ.

ಅದಾದ ಮೇಲೆ ಆಕೆಯ ಅಂಗಡಿಗೆ ಹೆಸರು ಬಂತು. 1826ರಲ್ಲಿ ಗಾಜಿನ ಕಿಟಕಿಯ ಸ್ವಂತ ಮಳಿಗೆ ಮಾಡಿಕೊಂಡಳು. ಜರ್ಮನಿಯ ಹೊರಗೆ ಅದುವರೆಗೆ ಸಿಕ್ಕಿರದ ಹಾರುವ ಸರೀಸೃಪವನ್ನು 1828ರಲ್ಲಿ ಹೊರತೆಗೆದಳು. ಮೀನುಗಳ ಪಳೆಯುಳಿಕೆಯ ತಜ್ಞ ಲೂಯಿ ಅಗಾಸಿ 1834ರಲ್ಲಿ ಬಂದು ಕಲಿತು ಹೋಗಿ, ಮುಂದೆ ಎರಡು ಮೀನುಗಳಿಗೆ ಆಕೆಯ ಹೆಸರಿಟ್ಟ. 1844ರಲ್ಲಿ ಸ್ಯಾಕ್ಸನಿಯ ರಾಜನೇ ಮಳಿಗೆಗೆ ಬಂದು ಇಕ್ತಿಯೊಸಾರ್ ಕೊಂಡ. ಇಷ್ಟೆಲ್ಲ ಇದ್ದರೂ ಆಕೆ ಲಂಡನ್ ನೋಡಿದ್ದು 1829ರಲ್ಲಿ, ಒಂದೇ ಸಲ. 1833ರ ಗುಡ್ಡಕುಸಿತದಲ್ಲಿ ಜೊತೆಗಿದ್ದ ಟ್ರೇ ಎಂಬ ನಾಯಿ ಕಣ್ಣೆದುರೇ ಹೂತುಹೋಯಿತು; ಆಕೆ ಕೂದಲೆಳೆಯಲ್ಲಿ ಪಾರಾದಳು. ಕೈಯಲ್ಲಿ ಸುತ್ತಿಗೆ, ಪಕ್ಕದಲ್ಲಿ ಆ ನಾಯಿ ಇರುವ ಆಕೆಯ ವರ್ಣಚಿತ್ರ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿದೆ.

1835ರಲ್ಲಿ ಉಳಿತಾಯದ ಬಹುಭಾಗ, ಸುಮಾರು 300 ಪೌಂಡ್, ಹೂಡಿಕೆಯೊಂದರಲ್ಲಿ ಮುಳುಗಿತು. ಬಕ್‌ಲ್ಯಾಂಡ್ ಓಡಾಡಿ, ಬ್ರಿಟಿಷ್ ಅಸೋಸಿಯೇಷನ್ ಮತ್ತು ಸರ್ಕಾರದಿಂದ ವರ್ಷಕ್ಕೆ 25 ಪೌಂಡ್ ವರ್ಷಾಶನ ಕೊಡಿಸಿದ. ಮೊದಲ ಇಕ್ತಿಯೊಸಾರ್‌ಗೆ ಬಂದಿದ್ದ ಬೆಲೆಗಿಂತ ಎರಡು ಪೌಂಡ್ ಹೆಚ್ಚು. ಅಲ್ಪವಾದರೂ ಆ ಮಂಜೂರಾತಿಯ ಆದೇಶದಲ್ಲಿ ಆಕೆಯ ಹೆಸರನ್ನು ಬರೆಯಲೇಬೇಕಾಯಿತಲ್ಲ ಎಂಬುದು ನನ್ನ ಸಮಾಧಾನ.

ಸ್ತನದ ಅರ್ಬುದರೋಗದಿಂದ ಮೇರಿ 1847ರ ಮಾರ್ಚ್ 9ರಂದು, ನಲವತ್ತೇಳನೆಯ ವಯಸ್ಸಿಗೆ ತೀರಿಕೊಂಡಳು. ನೋವು ತಡೆಯಲು ಅಫೀಮಿನ ಔಷಧ ಸೇವಿಸುತ್ತಿದ್ದುದನ್ನು ಕಂಡು ಕುಡಿತ ಕಲಿತಳೆಂದು ಊರಿನ ಕೆಲವರು ಆಡಿಕೊಂಡರು. ಬಾಲ್ಯದಿಂದ ಆಕೆಯನ್ನು ಬಲ್ಲ ಹೆನ್ರಿ ಡಿ ಲಾ ಬೀಚ್ ಆಗ ಜಿಯಾಲಾಜಿಕಲ್ ಸೊಸೈಟಿಯ ಅಧ್ಯಕ್ಷ. ಸದಸ್ಯಳಲ್ಲದ, ಆಗಲು ಅವಕಾಶವೇ ಇಲ್ಲದಿದ್ದ ಮೇರಿಗೆ ಆತ ತನ್ನ ವಾರ್ಷಿಕ ಭಾಷಣದಲ್ಲಿ ಶ್ರದ್ಧಾಂಜಲಿ ಸಲ್ಲಿಸಿದ. ಒಬ್ಬ ಹೆಂಗಸಿಗೆ ಆ ಸಭೆಯಲ್ಲಿ ಅಂಥ ಗೌರವ ಸಂದದ್ದು ಅದೇ ಮೊದಲು. ಸೊಸೈಟಿ ಮೊದಲ ಬಾರಿಗೆ ಸ್ತ್ರೀಯರನ್ನು ಸದಸ್ಯರನ್ನಾಗಿ ಆರಿಸಿಕೊಂಡದ್ದು 1919ರಲ್ಲಿ. ಇಕ್ತಿಯೊಸಾರ್‌ನ ಒಂದು ಪ್ರಭೇದಕ್ಕೆ ಆಕೆಯ ಹೆಸರು ಬಂದದ್ದು 2015ರಲ್ಲಿ. ಒಬ್ಬ ಶಾಲಾ ಬಾಲಕಿ ಆರಂಭಿಸಿದ ಆಂದೋಲನದ ಫಲವಾಗಿ ಲೈಮ್ ರೀಜಿಸ್‌ನಲ್ಲಿ ಆಕೆಯ ಪ್ರತಿಮೆ ನಿಂತದ್ದು 2022ರ ಮೇ 21ರಂದು.

ಅದೇ 2022ರ ಇನ್ನೊಂದು ಸಂಗತಿ ನನಗೆ ಪ್ರತಿಮೆಗಿಂತ ಮುಖ್ಯವಾಗಿ ಕಾಣುತ್ತದೆ. ಬರ್ಚ್ 1820ರಲ್ಲಿ ಹರಾಜಿಗಿಟ್ಟ ವಸ್ತುಗಳಲ್ಲಿ ಮೇರಿ ಹುಡುಕಿದ್ದ, ಹೆಚ್ಚು ಪೂರ್ಣವಾದ ಇಕ್ತಿಯೊಸಾರ್ ಅಸ್ಥಿಪಂಜರವೊಂದಿತ್ತು. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ಅದನ್ನು ಕೊಂಡಿತ್ತು. 1941ರ ಮೇ ತಿಂಗಳ ಬಾಂಬ್ ದಾಳಿಯಲ್ಲಿ ಅದು ನಾಶವಾಯಿತು. ಅಚ್ಚು ತೆಗೆದಿದ್ದರೆಂಬುದು ಯಾರಿಗೂ ಗೊತ್ತಿರಲಿಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿ ಒಂದು, ಬರ್ಲಿನ್ನಿನ ವಸ್ತುಸಂಗ್ರಹಾಲಯದಲ್ಲಿ ಇನ್ನೊಂದು ಪ್ಲಾಸ್ಟರ್ ಅಚ್ಚು ಇರುವುದನ್ನು ಇಬ್ಬರು ಸಂಶೋಧಕರು ಗುರುತಿಸಿದರು. ಹೋಮ್‌ನ ಪ್ರಬಂಧದ ಚಿತ್ರದೊಡನೆ ಹೋಲಿಸಿ ನೋಡಿದ್ದರಿಂದ ಅವು ಯಾವುದರ ಅಚ್ಚೆಂಬುದು ತಿಳಿಯಿತು. ಮೇರಿಯ ಹೆಸರು ಬಿಟ್ಟಿದ್ದ ಅದೇ ಹೋಮ್.

ಇದನ್ನು ಓದಿದ ಮೇಲೆ, ನಾನು ಕೆಲಸ ಮಾಡಿದ್ದ ಆ ತಾಲ್ಲೂಕಿನ ಕಚೇರಿಗೆ ಒಂದು ಪತ್ರ ಬರೆದೆ. ಆ ವರ್ಷ ಆ ಹೋಬಳಿಯಲ್ಲಿದ್ದ ಗ್ರಾಮಲೆಕ್ಕಿಗರ ಪಟ್ಟಿ ಹಳೆಯ ವೇತನದ ರಿಜಿಸ್ಟರಿನಲ್ಲಿ ಇರಲೇಬೇಕು. ಅಂಚೆಚೀಟಿ ಹಚ್ಚಿದ ಮರುಲಕೋಟೆಯನ್ನೂ ಜೊತೆಗಿಟ್ಟಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.